ಬೈಗುಳಕ್ಕೆ ಕಾದವಳು

ಮೂವತ್ತು ವರ್ಷದಿಂದ ನಾನು ನನ್ನ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಬೈದುಕೊಂಡು ಬಂದಿದ್ದೇನೆ. ಬೈಸಿಕೊಂಡವರಲ್ಲಿ ಕೆಲವರು ಅತ್ತಿದ್ದಾರೆ, ಕೆಲವರು ಎದುರು ಮಾತಾಡಿದ್ದಾರೆ, ಒಬ್ಬನಂತೂ ಮಾರನೆಯ ದಿನವೇ ಎದುರಿನ ಅಂಗಡಿಗೆ ಸೇರಿಕೊಂಡು ಅಲ್ಲಿಂದ ನನ್ನನ್ನು ನೋಡಿ ನಗುತ್ತಿದ್ದ. ಆದರೆ ‘ನಂಗೆ ಯಾಕೆ ಬೈಲಿಲ್ಲ?’ ಎಂದು ಜಗಳಕ್ಕೆ ಬಂದವಳು ಅವಳೊಬ್ಬಳೇ.

ಹೆಸರು ಬರೆಯುವುದಿಲ್ಲ. ಅವಳಿಗೆ ಓದಲು ಬರುತ್ತದೆ. ನಿಧಾನವಾಗಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಒಂದಕ್ಷರವನ್ನೂ ಬಿಡದೆ ಓದುತ್ತಾಳೆ. ಇದು ಅವಳ ಕೈಗೆ ಸಿಕ್ಕರೆ ತಪ್ಪು ಹುಡುಕದೆ ಇರುವುದಿಲ್ಲ. ಹೆಸರಿಲ್ಲದಿದ್ದರೆ ‘ಇದು ನೀನಲ್ಲಮ್ಮ, ಬೇರೆ ಯಾರೋ’ ಎಂದು ಜಾರಿಕೊಳ್ಳಬಹುದು ಅಂತ ಒಂದು ಆಸೆ.

ನಮ್ಮದು ಮದುವೆ ಕಾರ್ಡಿನ ಅಂಗಡಿ, ಶಿವರಾಂಪೇಟೆಯ ಒಂದು ಅಡ್ಡರಸ್ತೆಯಲ್ಲಿ. ಮುಂದೆ ಕೌಂಟರು, ಹಿಂದೆ ಮಷೀನು, ಮಷೀನಿನ ಪಕ್ಕದಲ್ಲಿ ನಂಜುಂಡ. ನಂಜುಂಡ ನಮ್ಮ ತಂದೆಯ ಕಾಲದವನು, ಮಷೀನಿಗಿಂತ ಹಳಬ. ಈಗ ಜನ ಫೋನಿನಲ್ಲೇ ಮದುವೆಗೆ ಕರೆದುಬಿಡುತ್ತಾರೆ. ಆದರೂ ಹತ್ತಿರದವರ ಮನೆಗೆ ಕೊಡಲು ಕಾರ್ಡು ಬೇಕು, ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಬೇಕು. ಮೊದಲು ಅದನ್ನು ಮನೆಯ ಹೆಂಗಸರೆಲ್ಲ ಒಟ್ಟಿಗೆ ಕೂತು ಹಚ್ಚುತ್ತಿದ್ದರು. ಈಗ ಯಾರಿಗೂ ಕೂರಲು ಪುರಸೊತ್ತಿಲ್ಲ, ‘ಅದನ್ನೂ ನೀವೇ ಮಾಡಿಸಿಬಿಡಿ’ ಎನ್ನುತ್ತಾರೆ. ಹೀಗೆ ಮೂಲೆಗೆ ಅರಿಶಿನ ಮುಟ್ಟಿಸುವುದು, ಕವರಿಗೆ ಹಾಕುವುದು, ಇಪ್ಪತ್ತೈದರ ಕಟ್ಟು ಕಟ್ಟುವುದು ಇವೆಲ್ಲ ನಮ್ಮ ಪಾಲಿಗೆ ಬಂದವು.

ಅವಳು ಮೊದಲು ಬಂದದ್ದು ಅವಳ ಅಣ್ಣನ ಮದುವೆ ಕಾರ್ಡಿಗೆ, ತಾಯಿಯ ಜೊತೆ. ತಾಯಿ ವಿಜಯನಗರದವರು, ನಿವೃತ್ತ ಶಾಲಾ ಶಿಕ್ಷಕಿ. ನಾವೆಲ್ಲ ಆಮೇಲೆ ಟೀಚರಮ್ಮ ಎಂದೇ ಕರೆಯುತ್ತಿದ್ದೆವು. ಟೀಚರಮ್ಮ ನನ್ನ ಜೊತೆ ಕಾರ್ಡಿನ ಬಣ್ಣದ ಬಗ್ಗೆ ವಾದ ಮಾಡುತ್ತಿದ್ದಾಗ ಇವಳು ಒಳಗಿನ ಮೇಜಿನ ಮುಂದೆ ಹೋಗಿ ಕೂತು, ಅಲ್ಲಿದ್ದ ಬೇರೆ ಯಾರದೋ ಕಾರ್ಡುಗಳನ್ನು ಕವರಿಗೆ ಹಾಕತೊಡಗಿದ್ದಳು. ‘ಏಯ್’ ಎಂದು ಎದ್ದೆ. ಹತ್ತಿರ ಹೋಗಿ ನೋಡಿದರೆ ಒಂದು ಕಾರ್ಡಿನ ಅಂಚೂ ಮಡಿಚಿರಲಿಲ್ಲ.

ಅವಳಿಗೆ ಡೌನ್ ಸಿಂಡ್ರೋಮ್ ಇತ್ತು. ಇತ್ತು ಎಂದರೇನು, ಈಗಲೂ ಇದೆ. ಆ ಹೆಸರು ಆಗ ನನಗೆ ಗೊತ್ತಿರಲಿಲ್ಲ. ಮುಖ ನೋಡಿ, ಎಲ್ಲರೂ ಅಂದುಕೊಳ್ಳುವ ಹಾಗೆ ನಾನೂ ಏನೋ ಅಂದುಕೊಂಡಿದ್ದೆ.

ಟೀಚರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. “ಇವಳಿಗೆ ನಿಮ್ಮಲ್ಲಿ ಕೆಲಸ ಇದೆಯಾ?” ಎಂದು ನೇರವಾಗಿ ಕೇಳಿದರು. ಇಲ್ಲ ಎನ್ನಲು ನಾಲಿಗೆ ಸಿದ್ಧವಾಗಿತ್ತು. ಮುಖದ ಮೇಲೆ ಹೇಳಲಾರದೆ, “ನೋಡೋಣ ಬಿಡಿ, ಸೀಸನ್ ಬರಲಿ” ಅಂದೆ.

ಅವಳು ಮೇಜಿನಿಂದಲೇ ಕೇಳಿದಳು: “ನಾಳೆ ಎಷ್ಟು ಗಂಟೆಗೆ ಬರ್ಲಿ ಸಾರ್?”

“ಹತ್ತಕ್ಕೆ ಬಾ ಕಣವ್ವ” ಎಂದವನು ಹಿಂದಿನಿಂದ ನಂಜುಂಡ. ಅಂಗಡಿಯ ಯಜಮಾನ ಯಾರು ಎಂಬ ಅನುಮಾನ ನನಗೆ ಆಗಾಗ ಬರುವುದುಂಟು.

ಮೊದಲ ವಾರ ಅವಳ ಮಾತು ನನಗೆ ಅರ್ಧವೂ ತಿಳಿಯಲಿಲ್ಲ. ನಾಲಿಗೆ ಸ್ವಲ್ಪ ದಪ್ಪ, ಮಾತು ನಿಧಾನ. ನಂಜುಂಡನಿಗೆ ಮಾತ್ರ ಮೊದಲ ದಿನವೇ ಎಲ್ಲ ತಿಳಿಯುತ್ತಿತ್ತು. ನಿನಗೆ ಹೇಗೆ ತಿಳಿಯುತ್ತೋ ಮಾರಾಯ ಎಂದು ಕೇಳಿದರೆ, “ಅವ್ಳು ಮುಗ್ಸೋಗಂಟ ಸುಮ್ಕಿರ್ತೀನಿ ಸಾ” ಅಂದ. ಅದನ್ನು ನಾನೂ ಮಾಡಿ ನೋಡಿದೆ. ನನ್ನಂಥವನಿಗೆ ಬಾಯಿ ಮುಚ್ಚಿಕೊಂಡಿರುವುದು ಬಹಳ ಕಷ್ಟದ ಕೆಲಸ, ಆದರೂ ತಿಳಿಯತೊಡಗಿತು.

ಎಣಿಕೆ ಅವಳಿಗೆ ಹನ್ನೆರಡು ಹದಿಮೂರರ ಹತ್ತಿರ ಕೈ ಕೊಡುತ್ತಿತ್ತು. ಅದಕ್ಕೂ ನಂಜುಂಡನೇ ದಾರಿ ಹುಡುಕಿದ. ಪ್ರತಿ ಆರ್ಡರಿನಲ್ಲೂ ಮೊದಲ ಇಪ್ಪತ್ತೈದು ಕವರನ್ನು ತಾನೇ ಎಣಿಸಿ ಒಂದರ ಮೇಲೊಂದು ಇಟ್ಟು, ಅದರ ಎತ್ತರಕ್ಕೆ ಒಂದು ಮರದ ಪಟ್ಟಿಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಕೊಡುತ್ತಿದ್ದ. ಗೆರೆಯ ಮಟ್ಟಕ್ಕೆ ಬಂದರೆ ಒಂದು ಕಟ್ಟು. ಕಟ್ಟು ಕಟ್ಟುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಮನೆಯಲ್ಲಿ ತಾಯಿಯ ಜೊತೆ ಮಲ್ಲಿಗೆ ಕಟ್ಟಿ ಅಭ್ಯಾಸವಿದ್ದವಳು, ದಾರವನ್ನು ಬೆರಳಿಗೆ ಸುತ್ತಿ, ಕುಣಿಕೆ ಮಾಡಿ ಎಳೆದು, ಹೂ ಕಟ್ಟುವ ಗಂಟನ್ನೇ ಹಾಕುತ್ತಿದ್ದಳು.

ಇನ್ನೊಂದು ರೂಢಿ ಅವಳದೇ. ಒಂದೊಂದು ಕಾರ್ಡಿನ ಮೇಲೂ ಮದುಮಕ್ಕಳಿಬ್ಬರ ಹೆಸರು ಓದಿ, ‘ಚೆನ್ನಾಗಿರಿ’ ಅಂದು, ಆಮೇಲೆ ಉಂಗುರದ ಬೆರಳಿನಿಂದ ಅರಿಶಿನ ಮುಟ್ಟಿಸಿ ಕವರಿಗೆ ಹಾಕುವುದು. ಐನೂರು ಕಾರ್ಡಿಗೆ ಐನೂರು ಆಶೀರ್ವಾದ. ನನಗೆ ತಲೆ ಕೆಟ್ಟು ಹೋಗುತ್ತಿತ್ತು.

“ಒಂದೇ ಜೋಡಿ ಕಣಮ್ಮ. ಒಂದ್ಸಲ ಹೇಳಿದ್ರೆ ಸಾಲ್ದಾ?”

“ಬೇರೆ ಬೇರೆ ಮನೆಗೆ ಹೋಗತ್ತೆ ಸಾರ್.”

ಮೂರು ತಿಂಗಳಲ್ಲಿ ಆಶೀರ್ವಾದ ಸಮೇತ ಅವಳ ಕೈ ಚುರುಕಾಯಿತು. ಅರಿಶಿನ ಸರಿಯಾಗಿ ಮೂಲೆಗೇ ಬೀಳುತ್ತಿತ್ತು, ಅಕ್ಷರದ ಮೇಲೆ ಒಂದು ಚುಕ್ಕೆ ಇಲ್ಲ. ಗಿರಾಕಿಗಳು ಅವಳನ್ನು ಕಂಡು ‘ಪುಟ್ಟೀ, ಜಾಣೆ ಕಣಮ್ಮ ನೀನು’ ಎಂದು ಗಲ್ಲ ಸವರಲು ಬಂದರೆ ತಲೆ ಹಿಂದಕ್ಕೆ ಎಳೆದುಕೊಂಡು “ನಂಗೆ ಮೂವತ್ತೊಂದು ವರ್ಷ” ಎನ್ನುತ್ತಿದ್ದಳು. ಒಬ್ಬ ಹೆಂಗಸಿಗೆ “ನಿಮಗೆ?” ಎಂದು ತಿರುಗಿ ಕೇಳಿದ್ದೂ ಉಂಟು. ಆ ಆರ್ಡರು ನಮ್ಮ ಕೈ ತಪ್ಪಿತು.

ಒಂದು ಮಧ್ಯಾಹ್ನ ಆದದ್ದನ್ನು ಈಗ ಹೇಳಬೇಕು. ನಮ್ಮಲ್ಲಿ ವೈಕುಂಠ ಸಮಾರಾಧನೆಯ ಕಾರ್ಡುಗಳೂ ಆಗುತ್ತವೆ. ತೀರಿಕೊಂಡವರ ಹೆಸರಿನ ಕಾರ್ಡು, ಅದಕ್ಕೆ ಅರಿಶಿನ ಮುಟ್ಟಿಸುವಂತಿಲ್ಲ. ಅವನ್ನು ನಾನು ಹಿಂದಿನ ಗೂಡಿನಲ್ಲಿ ಬೇರೆಯೇ ಇಡುತ್ತಿದ್ದೆ, ಅವಳ ಮೇಜಿಗೆ ಬಿಡುತ್ತಿರಲಿಲ್ಲ. ಆ ದಿನ ಮೂರು ಮದುವೆಯ ಆರ್ಡರು ಒಟ್ಟಿಗೆ ಬಂದಿತ್ತು. ಫೋನು ಕಿವಿಯಲ್ಲೇ ಇತ್ತು. ಅವಸರದಲ್ಲಿ ಇನ್ನೂರು ಸಮಾರಾಧನೆ ಕಾರ್ಡುಗಳನ್ನು ನಾನೇ ಅವಳ ಮುಂದೆ ಇಟ್ಟು ‘ಇದನ್ನೂ ಮುಗಿಸಿಬಿಡು’ ಅಂದೆ. ಅವಳು ಒಂದನ್ನು ಓದಿ, ಎದ್ದು ಬಂದು, ನನ್ನ ಮುಂದೆ ಹಿಡಿದು ಕೇಳಿದಳಂತೆ: “ಒಂದೇ ಹೆಸರಿದೆ ಸಾರ್. ಅರಿಶಿನ ಹಚ್ಲಾ?” ನಾನು ಫೋನಿನಲ್ಲಿದ್ದವನಿಗೆ ಹೇಳಿದೆನೋ ಅವಳಿಗೆ ಹೇಳಿದೆನೋ, ತಲೆಯಾಡಿಸಿ ‘ಹ್ಞೂ ಹ್ಞೂ’ ಅಂದೆ.

ಸಂಜೆ ಗಿರಾಕಿ ಬಂದರು. ತೊಂಬತ್ತರ ತಾಯಿಯನ್ನು ಕಳೆದುಕೊಂಡ ಮಗ, ಅರವತ್ತು ದಾಟಿದವರು. ಕಟ್ಟು ಬಿಚ್ಚಿ ನೋಡಿದರು. “ಏನ್ರೀ ಇದು? ನಮ್ಮಮ್ಮಂದು ಮದುವೆ ಏನ್ರೀ?” ಎಂದು ಕೂಗಿದರು. ಬೀದಿಯ ಜನ ಇಣುಕಿದರು. ನನಗೆ ಬೆವರು ಕಿತ್ತುಕೊಂಡಿತು. ಕೌಂಟರಿನ ಮೇಲೆ ಬಾಗಿ, ದನಿ ತಗ್ಗಿಸಿ ಹೇಳಿದೆ:

“ಆ ಹುಡುಗಿ ಸ್ವಲ್ಪ ಹಂಗೇ ಸಾರ್. ಬಿಟ್ಬುಡಿ.”

ಅವರು ಒಳಗೆ ನೋಡಿದರು. ಅವಳು ಮರದ ಪಟ್ಟಿ ಹಿಡಿದು ನಿಂತಿದ್ದಳು. ಅವರ ಕೋಪ ಅಲ್ಲೇ ಇಳಿದುಹೋಯಿತು. “ಓ, ಹಂಗಾ? ಪಾಪ” ಅಂದರು. ಬೆಳಿಗ್ಗೆಯೊಳಗೆ ಬೇರೆ ಹಾಕಿಸಿ ಕೊಡುತ್ತೇನೆಂದೆ, ಒಪ್ಪಿ ಹೋದರು. ಬದುಕಿದೆಯಾ ಬಡಜೀವವೇ ಎಂದು ಬೆವರು ಒರೆಸಿಕೊಂಡೆ. ನಾನು ಹೇಳಿದ್ದು ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ, ಅಷ್ಟು ಮೆಲ್ಲಗೆ ಹೇಳಿದ್ದೆ. ಆಮೇಲೆ ಮಷೀನಿಗೆ ಮಸಿ ಹೆಚ್ಚು ಹಾಕಿದ್ದಾನೆಂದು ನಂಜುಂಡನ ಮೇಲೆ ಎಗರಾಡಿದೆ, ಎಲ್ಲಾದರೂ ಎಗರಾಡಬೇಕಿತ್ತಲ್ಲ.

ಮಾರನೆಯ ದಿನ ಬೆಳಿಗ್ಗೆ ಅವಳು ಬ್ಯಾಗು ಇಳಿಸದೆ ಕೌಂಟರಿನ ಮುಂದೆ ನಿಂತಳು.

“ನಂಜುಂಡಣ್ಣಂಗೆ ಬೈದ್ರಿ. ನಂಗೆ ಯಾಕೆ ಬೈಲಿಲ್ಲ?”

“ಹೋಗ್ಲಿ ಬಿಡಮ್ಮ, ಆಗೋದು ಆಯ್ತು.”

“ನಾನೂ ಇಲ್ಲಿ ಕೆಲಸ ಮಾಡ್ತೀನಿ ತಾನೆ?”

ಡ್ರಾಯರಿನಲ್ಲಿ ಯಾರೋ ಕೊಟ್ಟ ಲಾಡು ಇತ್ತು. ಅದನ್ನು ಅವಳ ಕೈಗೆ ಕೊಟ್ಟು ಕಳಿಸಿದೆ. ಸಂಜೆ ನೋಡಿದರೆ ಲಾಡು ಅವಳ ಮೇಜಿನ ಮೂಲೆಯಲ್ಲೇ ಇತ್ತು, ಇರುವೆ ಮುತ್ತಿತ್ತು.

ಅಂದಿನಿಂದ ನಾನೊಂದು ಕಳ್ಳಕೆಲಸ ಶುರು ಮಾಡಿದೆ. ಅವಳು ಐದೂವರೆಯ ಬಸ್ಸಿಗೆ ಹೊರಟ ಮೇಲೆ ಅವಳು ಕಟ್ಟಿದ ಕಟ್ಟುಗಳನ್ನೆಲ್ಲ ಬಿಚ್ಚಿ, ಒಂದೊಂದೇ ಕಾರ್ಡು ತೆಗೆದು ನೋಡಿ, ಮತ್ತೆ ಕಟ್ಟಿಡುವುದು. ತಿಂಗಳು ಪೂರ್ತಿ ನೋಡಿದೆ. ಎರಡು ಕವರು ತಿರುಗುಮುರುಗಾಗಿತ್ತು, ಅಷ್ಟೇ. ನಂಜುಂಡನ ಕಟ್ಟನ್ನು ನಾನು ನೋಡುತ್ತಿರಲಿಲ್ಲ, ನನ್ನದನ್ನಂತೂ ಕೇಳಲೇಬೇಡಿ. ಗಿರಾಕಿಗಳ ಮನೆಯಿಂದ ದೂರು ಬರುತ್ತಿದ್ದದ್ದು ನಮ್ಮಿಬ್ಬರ ಕಟ್ಟುಗಳಿಂದಲೇ.

ಒಂದು ಬೆಳಿಗ್ಗೆ ಅವಳು ಒಂದು ಕಟ್ಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಆಮೇಲೆ ಇನ್ನೊಂದು, ಮತ್ತೊಂದು. ನನಗೆ ಹೂ ಕಟ್ಟುವ ಗಂಟು ಬರುವುದಿಲ್ಲ. ನಾನು ಹಾಕಿದ್ದು ಚಡ್ಡಿಯ ಲಾಡಿಗೆ ಹಾಕುವ ಗಂಟು.

“ಇದು ನನ್ನ ಗಂಟಲ್ಲ” ಅಂದಳು. “ನೀವು ಬಿಚ್ಚಿದ್ರಿ.”

ಅವಳು ಮರದ ಪಟ್ಟಿಯನ್ನು ತಂದು ನನ್ನ ಮುಂದೆ ಇಟ್ಟಳು. “ನೀವೇ ಮಾಡ್ಕೊಳ್ಳಿ. ಹೇಗಿದ್ರೂ ಸಂಜೆ ನೀವೇ ಮಾಡ್ತೀರಲ್ಲ.” ಕುರ್ಚಿಯ ಮೇಲೆ ಹೋಗಿ ಕೂತಳು, ಬ್ಯಾಗು ತೊಡೆಯ ಮೇಲೆ. ಊಟಕ್ಕೂ ಏಳಲಿಲ್ಲ. ಅವಳ ಮೇಜಿನ ಮೇಲೆ ಆರುನೂರು ಕಾರ್ಡು ಹಾಗೇ ಬಿದ್ದಿದ್ದವು. ನಂಜುಂಡ ಮಷೀನು ನಿಲ್ಲಿಸಿ ಒಂದು ಸಲ ನನ್ನ ಕಡೆ ನೋಡಿದ. “ನೀವು ಮಾಡಿದ್ದು ಸರಿಗಿಲ್ಲ ಬುಡಿ ಸಾ” ಅಂದು ಮತ್ತೆ ಮಷೀನು ಹಾಕಿದ.

ಸಂಜೆ ಟೀಚರಮ್ಮ ಬಂದರು. ಮಗಳು ಫೋನು ಮಾಡಿದ್ದಳು, ನಾಳೆಯಿಂದ ಬರುವುದಿಲ್ಲ ಎಂದು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಮಗಳನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ ಬಂದು ಹೇಳಿದರು:

“ನಿಮ್ಮಲ್ಲಿಗೆ ಬರೋ ಮುಂಚೆ ಮೂರು ಕಡೆ ಕೆಲಸಕ್ಕೆ ಹೋಗಿದ್ದಾಳೆ. ಒಂದು ಕಡೆ ಬಾಗಿಲಲ್ಲಿ ನಿಲ್ಲಿಸಿ ನಗ್ತಾ ಇರು ಅಂದ್ರು. ಒಂದು ಕಡೆ ಬಂದವರ ಜೊತೆಯೆಲ್ಲ ಫೋಟೋ ತೆಗೆಸಿದ್ರು. ಇನ್ನೊಂದು ಕಡೆ ಇವಳು ಒರೆಸಿದ ಮೇಜನ್ನ ಇವಳ ಬೆನ್ನ ಹಿಂದೆ ಮತ್ತೆ ಒರೆಸೋರು. ಎಲ್ಲಾ ಕಡೆ ಒಳ್ಳೇ ಜನವೇ, ಇಲ್ಲ ಅನ್ನಲ್ಲ. ಇವಳಿಗೆ ಕೂರೋಕೆ ಕುರ್ಚಿ ಸಿಕ್ತು, ಕೆಲಸ ಸಿಗಲಿಲ್ಲ. ನೀವು ಯಾರನ್ನೂ ಬಿಡದೆ ಬೈತೀರಿ ಅಂತ ಕೇಳಿದ್ದೆ. ಅದಕ್ಕೇ ನಿಮ್ಮಲ್ಲಿಗೆ ಕಾರ್ಡು ಮಾಡಿಸೋಕೆ ಬಂದದ್ದು ಕಣ್ರೀ.”

ನನ್ನ ಬೈಗುಳಕ್ಕೆ ಇಂಥ ಒಂದು ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಇಷ್ಟು ದಿನ ಕರುಣೆ ಎಂದು ನಾನು ಮಾಡಿದ್ದು ಆ ಮೇಜು ಒರೆಸಿದವರು ಮಾಡಿದ್ದೇ.

ಹೊರಗೆ ಹೋದೆ. ಮೆಟ್ಟಿಲ ಮೇಲೆ ಕೂತಿದ್ದವಳ ಮುಂದೆ ನಿಂತು, ಉಸಿರು ಎಳೆದುಕೊಂಡು, ಒಂದು ತಿಂಗಳು ತಡವಾಗಿ ಬೈದೆ. ಕಾರ್ಡು ಓದಕ್ಕೆ ಬರತ್ತಲ್ಲ, ಸಮಾರಾಧನೆ ಅಂತ ಬರೆದಿರೋದು ಕಾಣ್ಲಿಲ್ವಾ, ಇನ್ನೂರು ಕಾರ್ಡು ದಂಡ, ಗಿರಾಕಿ ಮುಂದೆ ನನ್ನ ಮಾನ ಹೋಯ್ತು. ನಂಜುಂಡನಿಗೆ ಬೈಯುವ ದನಿಯಲ್ಲೇ, ಒಂದು ಮಾತು ಕಮ್ಮಿ ಮಾಡದೆ. ಎದುರಿನ ಅಂಗಡಿಯವನು ಎದ್ದು ನಿಂತ.

ಅವಳ ಮುಖ ಅರಳಿತು. ಎದ್ದು ನಿಂತು, ನನಗಿಂತ ಜೋರಾಗಿ ಕೂಗಿದಳು: “ನಾನು ಕೇಳ್ದೆ! ನೀವೇ ಹ್ಞೂ ಅಂದ್ರಿ! ಫೋನ್ ಇಟ್ಟು ಮಾತಾಡಿ ಸಾರ್!”

“ಅದೂ ಸರಿ” ಅಂದೆ.

“ನಾಳೆ ಬರ್ತೀನಿ” ಅಂದಳು.

ಮಾರನೆಯ ದಿನದಿಂದ ಅಂಗಡಿಯಲ್ಲಿ ಹೊಸ ಪದ್ಧತಿ ಬಂತು. ಒಬ್ಬರು ಕಟ್ಟಿದ ಕಟ್ಟನ್ನು ಇನ್ನೊಬ್ಬರು ಅವರ ಎದುರಿಗೇ ಬಿಚ್ಚಿ ನೋಡಬೇಕು, ತಪ್ಪಿದ್ದರೆ ಅಲ್ಲೇ ಬೈಯಬೇಕು. ನನ್ನ ಕಟ್ಟು ಅವಳ ಪಾಲಿಗೆ ಹೋಯಿತು. ನಾನು ಪಟ್ಟ ಪಾಡು ಯಾರಿಗೂ ಬೇಡ. ಅರಿಶಿನ ಅಕ್ಷರಕ್ಕೆ ತಾಗಿದ್ದು, ಕವರಿನ ಬಾಯಿ ಸರಿಯಾಗಿ ಕೂರದ್ದು, ಒಂದು ಕಟ್ಟಿನಲ್ಲಿ ಇಪ್ಪತ್ತನಾಲ್ಕೇ ಇದ್ದದ್ದು. ಮರದ ಪಟ್ಟಿಯನ್ನು ಕಟ್ಟಿನ ಪಕ್ಕ ನಿಲ್ಲಿಸಿ, ಗೆರೆಗೂ ಕಟ್ಟಿಗೂ ನಡುವಿನ ಸಂದನ್ನು ಬೆರಳಿನಿಂದ ತೋರಿಸಿ, “ಗಮನ ಎಲ್ಲಿರತ್ತೆ ಸಾರ್?” ಎನ್ನುತ್ತಿದ್ದಳು. ಅದು ನನ್ನದೇ ಮಾತು, ನನ್ನದೇ ರಾಗ. ನಂಜುಂಡ ಹೆಗಲ ಮೇಲಿನ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದ.

ಹೀಗೆ ನಾಲ್ಕು ವರ್ಷ. ಒಂದು ದಿನ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದ ಒಂದು ಕಾಗದ ಕೊಟ್ಟಳು. ಕೆಲಸ ಬಿಡುತ್ತಿದ್ದೇನೆ, ಇನ್ನೂ ಒಂದು ತಿಂಗಳು ಬರುತ್ತೇನೆ ಎಂದಿತ್ತು. ನಮ್ಮ ಅಂಗಡಿಯಲ್ಲಿ ಅದುವರೆಗೆ ಯಾರೂ ರಾಜೀನಾಮೆ ಕೊಟ್ಟಿರಲಿಲ್ಲ, ಬರುವುದನ್ನು ನಿಲ್ಲಿಸುತ್ತಿದ್ದರು ಅಷ್ಟೇ. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ಪರದೇಶದವರಿಗಾಗಿ ಒಂದು ಕೆಫೆ, ಅಲ್ಲಿ ಕೆಲಸ ಸಿಕ್ಕಿತ್ತು. ನನಗೆ ಸಂತೋಷವಾಗಬೇಕಿತ್ತು. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು.

“ಅಲ್ಲೂ ನಗ್ತಾ ನಿಂತ್ಕೋ ಅಂದ್ರೆ ಏನ್ ಮಾಡ್ತೀಯ?” ಎಂದು ಕೆಣಕಿದೆ.

“ಕೇಳ್ದೆ ಸಾರ್. ತಪ್ಪು ಮಾಡಿದ್ರೆ ಬೈತೀರಾ ಅಂತ. ಬೈತೀವಿ ಅಂದ್ರು.”

ಆರು ತಿಂಗಳ ಮೇಲೆ ಹೆಂಡತಿಯ ಜೊತೆ ಆ ಕೆಫೆಗೆ ಹೋದೆ. ನೀಲಿ ಏಪ್ರನ್ ಕಟ್ಟಿಕೊಂಡು ನಮ್ಮ ಮೇಜಿಗೆ ಅವಳೇ ಬಂದಳು. ಆರಡಿ ಎತ್ತರದ ಬಿಳಿಯನೊಬ್ಬ ಚಾಪೆಯ ಸುರುಳಿಯನ್ನು ದಾರಿಗೆ ಅಡ್ಡ ಇಟ್ಟಿದ್ದ. “ಇಲ್ಲಿ ಇಡ್ಬಾರ್ದು” ಎಂದು ಅಪ್ಪಟ ಕನ್ನಡದಲ್ಲಿ ಹೇಳಿದಳು, ಅವನು ತಕ್ಷಣ ತೆಗೆದ. ನಮಗೆ ನೀರು ಕೊಡುವಾಗ ಲೋಟ ಉರುಳಿತು. ಒಳಗಿನಿಂದ ಅಲ್ಲಿನ ಯಜಮಾನಿ “ಎಷ್ಟು ಸಲ ಹೇಳೋದು, ಎರಡೂ ಕೈಲಿ ಹಿಡಿ ಅಂತ!” ಎಂದು ಕೂಗಿದರು. ಇವಳು ನನ್ನ ಕಡೆ ತಿರುಗಿ, ಹುಬ್ಬು ಹಾರಿಸಿ, “ಕೇಳಿದ್ರಾ?” ಅಂದಳು. ನನ್ನ ಹೆಂಡತಿಗೆ ಏನೂ ಅರ್ಥವಾಗಲಿಲ್ಲ.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಹೋದ ವರ್ಷ. ಟೀಚರಮ್ಮ ತೀರಿಕೊಂಡರು. ಇದ್ದಕ್ಕಿದ್ದಂತೆ, ಬೆಳಗಿನ ಕಾಫಿ ಕುಡಿಯುತ್ತಾ. ನಾನೂ ನಂಜುಂಡನೂ ಹೋಗಿ ಬಂದೆವು. ನಾಲ್ಕನೆಯ ದಿನ ಅಣ್ಣನ ಜೊತೆ ಅವಳೇ ಅಂಗಡಿಗೆ ಬಂದು ಅಮ್ಮನ ವೈಕುಂಠ ಸಮಾರಾಧನೆಯ ಕಾರ್ಡಿನ ಒಕ್ಕಣೆಯನ್ನು ಬೆರಳಿಟ್ಟು ಓದಿ ಒಪ್ಪಿಗೆ ಕೊಟ್ಟಳು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: “ಅರಿಶಿನ ಹಚ್ಚಬಾರ್ದು ಸಾರ್. ಫೋನ್ ಬಂದ್ರೂ ನೋಡ್ಕೊಳ್ಳಿ.”

ಆ ಕಾರ್ಡುಗಳನ್ನು ಬೇರೆಯವರ ಕೈಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. ನೂರಕ್ಕೆ ನೂರನ್ನೂ ನಾನೇ ಕವರಿಗೆ ಹಾಕಿದೆ. ಹೂ ಕಟ್ಟುವ ಗಂಟನ್ನು ಹೆಂಡತಿಯಿಂದ ಕಲಿತು ನಾಲ್ಕು ಕಟ್ಟು ಕಟ್ಟಿದೆ. ಟೀಚರಮ್ಮ ಬಣ್ಣದ ಬಗ್ಗೆ ವಾದ ಮಾಡಿದ್ದು ನೆನಪಾಗಿ ಕಣ್ಣು ಮಂಜಾಯಿತು.

ಸಂಜೆ ಅಣ್ಣ ತಂಗಿ ಬಂದರು. ಅವಳು ಕಟ್ಟನ್ನು ನೋಡಿ, ಗಂಟನ್ನು ಮುಟ್ಟಿ, ಬಿಚ್ಚತೊಡಗಿದಳು. ನಮ್ಮ ಪದ್ಧತಿ, ಎದುರಿಗೇ ಬಿಚ್ಚಬೇಕು. ಎರಡನೆಯ ಕಟ್ಟಿನಲ್ಲಿ ಅವಳ ಕೈ ನಿಂತಿತು. ಮೂರು ಕಾರ್ಡುಗಳನ್ನು ಬೇರೆ ತೆಗೆದಿಟ್ಟಳು. ಮೂರರ ಮೂಲೆಯಲ್ಲೂ ಹಳದಿ ಗುರುತು. ಬೆಳಿಗ್ಗೆ ಒಂದು ಮದುವೆಯ ಆರ್ಡರಿಗೆ ಅರಿಶಿನ ಮುಟ್ಟಿಸಿ, ಪಂಚೆಗೆ ಕೈ ಒರೆಸಿಕೊಂಡು, ಹಾಗೇ ಇದಕ್ಕೆ ಕೂತಿದ್ದೆ.

ಅವಳ ಅಣ್ಣ ಕಾರ್ಡು ಎತ್ತಿ ನೋಡಿದ. ತಾಯಿ ಹೋದ ದುಃಖ, ಮೇಲೆ ಇದು. “ಏನ್ ಸಾರ್ ಇದು? ಅಮ್ಮನ ಕಾರ್ಡಿಗೆ ಅರಿಶಿನಾನಾ? ನೀವೇ ಹೀಗೆ ಮಾಡಿದ್ರೆ ಹೇಗೆ?” ಎಂದು ದನಿ ಏರಿಸಿದ.

ಅವಳು ಅಣ್ಣನ ತೋಳು ಹಿಡಿದಳು. ಅವನ ಕಡೆಗೆ ಬಾಗಿ, ದನಿ ತಗ್ಗಿಸಿ ಹೇಳಿದಳು:

“ಸಾರ್ ಸ್ವಲ್ಪ ಹಂಗೇ ಅಣ್ಣ. ಬಿಟ್ಬುಡು.”

ಮಷೀನಿನ ಹತ್ತಿರ ನಂಜುಂಡ ತಲೆಯೆತ್ತಿ, ಮತ್ತೆ ತಗ್ಗಿಸಿದ. ಅವಳಿಗೆ ಅಂದು ಕೇಳಿಸಿತ್ತು. ಇಷ್ಟು ವರ್ಷ ಅದನ್ನು ಯಾರ ಮುಂದೆಯೂ ಆಡದೆ ಇಟ್ಟುಕೊಂಡಿದ್ದಳು. ಆ ಮಾತು ಎಷ್ಟು ಉರಿಯುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತು. ಅವಳ ಅಣ್ಣನ ಮುಖ ಸಡಿಲವಾಯಿತು. “ಹೋಗ್ಲಿ ಬಿಡಿ ಸಾರ್” ಅಂದ, ಪಾಪ ಎನ್ನುವ ದನಿಯಲ್ಲಿ.

ಅವಳು ಹಾಗೇ ಬಿಟ್ಟುಬಿಡಲಿಲ್ಲ. ಆ ಮೂರು ಕಾರ್ಡುಗಳನ್ನು ಕೌಂಟರಿನ ಮೇಲೆ ನನ್ನ ಕಡೆಗೆ ಸರಿಸಿ, ದನಿ ಏರಿಸಿ, ಬೀದಿಗೆಲ್ಲ ಕೇಳುವಂತೆ ಬೈದಳು.

“ಗಮನ ಎಲ್ಲಿರತ್ತೆ ಸಾರ್? ಈ ಮೂರು ಬೇರೆ ಹಾಕ್ಕೊಡಿ. ನಾಳೆ ಹತ್ತಕ್ಕೆ ಬರ್ತೀನಿ. ಹೋಗಿ, ಮೊದ್ಲು ಕೈ ತೊಳ್ಕೊಳ್ಳಿ.”

ನಾನು ಹಿಂದಿನ ನಲ್ಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದೆ.